ಫ್ರಾನ್ಸ್‌ನಲ್ಲಿ ಬ್ರೆಡ್ಡೇ ಗತೀನಾ?

ಫ್ರಾನ್ಸ್‌ಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ: "ಅಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಏನಾದ್ರೂ ಸಿಗುತ್ತಾ, ಇಲ್ಲ ಬ್ರೆಡ್ಡೇ ಗತೀನಾ?"

ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಕೇಳಬೇಕು ಎಂದು ಗೊತ್ತಿರಬೇಕು, ಅಷ್ಟೆ. ಅದಕ್ಕೂ ಮೊದಲು ಬ್ರೆಡ್ಡಿನ ಬಗ್ಗೆ ಹೀಗೆ ಮಾತಾಡುವುದನ್ನು ಬಿಡಿ, ಕೇಳಿ ಕೇಳಿ ನನಗೆ ಸಾಕಾಗಿದೆ.

ನಮ್ಮಲ್ಲಿ ಬ್ರೆಡ್ಡೆಂದರೆ ಜ್ವರ ಬಂದವರ ಪಥ್ಯ. ಅಲ್ಲಿ ಅದಕ್ಕಾಗಿಯೇ ಕಾನೂನಿದೆ. 1993ರ ಆದೇಶದ ಪ್ರಕಾರ 'ತ್ರಾದಿಸ್ಯೋಂ' ಎಂದು ಮಾರುವ, ಕೋಲಿನಂಥ ಉದ್ದ ಬ್ರೆಡ್ಡಾದ ಬ್ಯಾಗೆಟ್‌ ಗೋಧಿಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟಿನಿಂದ ಮಾಡಿದ್ದಾಗಿರಬೇಕು. ಕೆಡದಂತೆ ಕಾಪಾಡುವ ರಾಸಾಯನಿಕ ಹಾಕುವಂತಿಲ್ಲ, ಹಿಟ್ಟನ್ನು ಫ್ರೀಜ್ ಮಾಡುವಂತಿಲ್ಲ. ಅಲ್ಲೇ ನಾದಿ ಅಲ್ಲೇ ಬೇಯಿಸದವರು ಅಂಗಡಿಗೆ 'ಬುಲಾಂಜ್ರಿ' (ಬ್ರೆಡ್ ಅಂಗಡಿ) ಎಂಬ ಬೋರ್ಡು ಹಾಕುವಂತಿಲ್ಲ, ಅದಕ್ಕೆ 1998ರ ಕಾನೂನು. ಆ ಬ್ರೆಡ್ಡಿನಲ್ಲಿ ಮೊಟ್ಟೆಯಿಲ್ಲ, ಹಾಲಿಲ್ಲ. ಮಡಿವಂತರೂ ತಿನ್ನಬಹುದಾದ ತಿಂಡಿ ಇದು. "ಬೊಂಝೂರ್, ಊನ್ ತ್ರಾದಿಸ್ಯೋಂ, ಬಿಯಾಂ ಕ್ವೀತ್" (ನಮಸ್ಕಾರ, ಚೆನ್ನಾಗಿ ಬೆಂದ ಒಂದು ತ್ರಾದಿಸ್ಯೋಂ ಕೊಡಿ) ಅನ್ನಿ, ಕೆಂಪಗೆ ಬೆಂದದ್ದನ್ನು ಆರಿಸಿ ಕೊಡುತ್ತಾರೆ. ಒಬ್ಬರೇ ಇದ್ದರೆ ಅರ್ಧ ಕೇಳಿ. ಕೊಟ್ಟ ಕಾಗದದ ಚೀಲದಲ್ಲೇ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರಿಗೆ ತುರುಕಿದರೆ ತೇವ ಒಳಗೇ ಉಳಿದು ಗರಿಗರಿ ಹೊರಪದರ ರಬ್ಬರಿನಂತಾಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ ಒಣಗುತ್ತದೆ. ಎಣ್ಣೆ ಬೆಣ್ಣೆ ಇಲ್ಲದ್ದರಿಂದ ಅದರ ಆಯಸ್ಸು ಒಂದೇ ದಿನ. ಬಹಳ ಮಂದಿ ದಿನವೂ ಬುಲಾಂಜ್ರಿಗೆ ಹೋಗುವುದು ಇದಕ್ಕೇ. ಇಂಥದ್ದನ್ನು ಗತಿ ಅನ್ನಬೇಡಿ.

ಬೆಣ್ಣೆ ಹಾಕಿ ಪದರಪದರವಾಗಿ ಬೇಯಿಸುವ ಕ್ರೋಸಾಂ ವಿಷಯ ಬೇರೆ. ಹೊಳಪಿಗೆಂದು ಅದರ ಮೇಲೆ ಮೊಟ್ಟೆ ಸವರುತ್ತಾರೆ.

ನಮ್ಮವರು ಎಡವುವುದು ಹೆಸರಿನಲ್ಲಿ ತರಕಾರಿ ಇರುವ ಕಡೆಯೇ. ಈರುಳ್ಳಿ ಸೂಪನ್ನು ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ರಸದಲ್ಲಿ ಮಾಡುತ್ತಾರೆ. ಮೇಕೆ ಚೀಸ್ ಹಾಕಿದ ಬಿಸಿ ಸಾಲಡ್‌ನಲ್ಲಿ 'ಲಾರ್ದೋಂ', ಅಂದರೆ ಹಂದಿಮಾಂಸದ ಸಣ್ಣ ತುಂಡು, ಇರುವುದುಂಟು. ಕೊಂತೆ, ರೋಕ್‌ಫೋರ್‌ನಂಥ ಹೆಸರಾಂತ ಚೀಸ್‌ಗಳಿಗೆ ಹಾಲು ಒಡೆಸುವುದು ಕರುವಿನಂಥ ಎಳೆಯ ಪ್ರಾಣಿಯ ಹೊಟ್ಟೆಯಿಂದ ತೆಗೆದ 'ಪ್ರೆಝ್ಯೂರ್'ನಿಂದ. ಅದು ಬೇಡವೆಂದರೆ ಸೂಪರ್‌ಮಾರ್ಕೆಟ್‌ನಲ್ಲಿ ಪೊಟ್ಟಣದ ಮೇಲೆ 'ಮಿಕ್ರೋಬಿಯೆನ್' (ಸೂಕ್ಷ್ಮಜೀವಿಗಳಿಂದ ಮಾಡಿದ್ದು) ಎಂಬ ಮಾತಿದೆಯೇ ನೋಡಿ. ಹೋಟೆಲಿನಲ್ಲಿ 'ವೆಜ್' ಅಂದು ಸುಮ್ಮನಾಗಬೇಡಿ, ಮೀನು ಬರಬಹುದು. "ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಬುಯೋಂ ದ ವಿಯಾಂದ್": ಮಾಂಸ, ಮೀನು, ಮಾಂಸದ ರಸ ಯಾವುದೂ ಬೇಡ. ಮೂರನ್ನೂ ಬಿಡಿಸಿ ಹೇಳಿ.

ಇನ್ನು ತಿನ್ನಬೇಕಾದ್ದು. ದಕ್ಷಿಣದ ನೀಸ್‌ಗೆ ಹೋದರೆ ಸೊಕ್ಕಾ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟನ್ನೇ ಕಲಸಿ ದೊಡ್ಡ ತಾಮ್ರದ ತಟ್ಟೆಗೆ ಹುಯ್ದು ಸೌದೆ ಒಲೆಯಲ್ಲಿ ಸುಟ್ಟು, ಮೇಲೆ ಕಾಳುಮೆಣಸಿನಪುಡಿ ಉದುರಿಸಿ ಕೊಡುತ್ತಾರೆ. ಬಿಸಿಯಿರುವಾಗಲೇ ತಿನ್ನಿ. ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿಯ ರಾತಾತುಯ್ ಕೂಡ ಆ ಕಡೆಯದೇ. ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿಯಲ್ಲಿ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನಲ್ಲಿ ಹುಯ್ದ ದೋಸೆಯಂಥ ಗಾಲೆತ್ ಇದೆ. ಚೀಸ್ ಮಾತ್ರ ಹಾಕಿಸಿಕೊಳ್ಳಿ, ಕಾವಲಿಗೆ ಹಂದಿಕೊಬ್ಬು ಸವರುತ್ತಾರೆಯೇ ಎಂದೂ ಕೇಳಿ, ಅದು ಅಲ್ಲಿನ ಹಳೆಯ ರೂಢಿ.

ಹೊತ್ತು ಮಾತ್ರ ಮೀರಬೇಡಿ. ಹೆಚ್ಚಿನ ಕಡೆ ಊಟ ಮಧ್ಯಾಹ್ನ 12ರಿಂದ 2ರವರೆಗೆ, ಆಮೇಲೆ ರಾತ್ರಿ 7ರ ನಂತರವೇ. ಮೂರು ಗಂಟೆಗೆ ಹೋಗಿ ಕೂತು, ಅಡುಗೆಮನೆ ಮುಚ್ಚಿದೆ ಎಂದದ್ದಕ್ಕೆ ಮುನಿಸಿಕೊಂಡು ಬಂದವರೇ ಊರಲ್ಲಿ "ಅಲ್ಲಿ ಏನೂ ಸಿಗಲ್ಲ" ಎಂದು ಹಬ್ಬಿಸುವುದು. ಊಟದ ಜೊತೆ 'ಕಾರಾಫ್ ದೋ' ಕೇಳಿದರೆ ನಲ್ಲಿ ನೀರು ಬಿಟ್ಟಿ. ಬಾಟಲಿಗೆ ದುಡ್ಡು ಸುರಿಯಬೇಡಿ. ಸರ್ವಿಸ್ ಬೆಲೆಯಲ್ಲೇ ಸೇರಿದೆ, ಟಿಪ್ಸ್ ಕಡ್ಡಾಯವಲ್ಲ.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬರಾದರೂ "ಅಲ್ಲಿಯವರು ಸಂತೆ ಹೇಗೆ ಮಾಡುತ್ತಾರೆ?" ಎಂದು ಕೇಳಿದ್ದರೆ ನಾನು ಕೂರಿಸಿಕೊಂಡು ಹೇಳುತ್ತಿದ್ದೆ. ಫ್ರಾನ್ಸ್‌ನ ಸೊಗಸು ನನಗೆ ಕಾಣುವುದು ಐಫೆಲ್ ಗೋಪುರದಲ್ಲಲ್ಲ, ಸಂತೆಯಲ್ಲಿ. ಮೊದಲು ಬೊಂಝೂರ್. ಅದನ್ನು ಹೇಳದೆ ಬೆಲೆ ಕೇಳುವುದು ಅಲ್ಲಿ ಒರಟುತನ. "ಫ್ರೆಂಚರಿಗೆ ಜಂಬ" ಎಂಬ ದೂರುಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿಯೇ. ಹಣ್ಣನ್ನು ಮುಟ್ಟಿ ಒತ್ತಬೇಡಿ, ಆರಿಸುವುದು ಅವರ ಕೆಲಸ. ಕರಬೂಜ ಕೇಳಿದರೆ "ಇವತ್ತಿಗೋ, ನಾಳೆಗೋ?" ಎನ್ನುತ್ತಾರೆ. ನೀವು ಹೇಳಿದ ಹೊತ್ತಿಗೆ ಹದವಾಗುವಂಥದ್ದನ್ನು ಮೂಸಿ, ಕೈಯಲ್ಲಿ ತೂಗಿ ನೋಡಿ ಕೊಡುತ್ತಾರೆ. ಕಾಮಂಬೇರ್ ಚೀಸ್‌ಗೂ ಅದೇ ಪ್ರಶ್ನೆ. ನಿಮ್ಮ ನಾಳಿನ ಊಟದ ಬಗ್ಗೆ ಗುರುತಿಲ್ಲದ ವ್ಯಾಪಾರಿ ಇಷ್ಟು ಕಾಳಜಿ ಮಾಡುವುದನ್ನು ನೋಡಲಿಕ್ಕಾದರೂ ಹೋಗಬೇಕು. ಪ್ಯಾರಿಸ್‌ನಲ್ಲಿ ಬಾಸ್ತೀಯ್ ಸಂತೆ ಗುರುವಾರ ಮತ್ತು ಭಾನುವಾರ; ಅಲಿಗ್ರ್ ಸಂತೆ ಸೋಮವಾರ ಬಿಟ್ಟು ಎಲ್ಲ ದಿನ. ಬೆಳಗ್ಗೆಯೇ ಹೋಗಿ, ಚಿಲ್ಲರೆ ಮತ್ತು ಬಟ್ಟೆಯ ಚೀಲ ಜೊತೆಗಿರಲಿ.