ದಿನಾ ನಾಲ್ಕು ನಿಮಿಷ ಮುಂಚೆ ಬರುವ ಉಬ್ಬು

ಸಿಕ್ಕಿತು! ನನ್ನ ಜಿಪಿಎಸ್ ರಿಸೀವರ್ ಬರೆಯುವ ಗೆರೆಯಲ್ಲಿ ಕಂಡು ಮೂರು ವಾರ ನಿದ್ದೆ ಕೆಡಿಸಿದ ಆ ಉಬ್ಬು ಎಲ್ಲಿಂದ ಬರುತ್ತಿತ್ತು ಅಂತ ಕೊನೆಗೂ ಗೊತ್ತಾಯಿತು.

ಜಿಪಿಎಸ್‌ನ ಎರಡು ಬೇರೆ ಬೇರೆ ಆವರ್ತನದ ಎಲ್1, ಎಲ್2 ಸಿಗ್ನಲ್‌ಗಳು ಎಷ್ಟು ಹಿಂದೆಮುಂದೆ ಬರುತ್ತವೆ ನೋಡಿ, ಅಯಾನುಗೋಳದ (ಬಿಸಿಲಿಗೆ ಒಡೆದು ಅಯಾನು, ಎಲೆಕ್ಟ್ರಾನ್ ಆದ ಮೇಲಿನ ಗಾಳಿಯ ಪದರದ) ಎಲೆಕ್ಟ್ರಾನ್ ಲೆಕ್ಕ ಹಾಕುತ್ತಿದ್ದೇನೆ. ನಾನು ಹುಡುಕುತ್ತಿರುವುದು ಗಾಳಿಯ ಉಬ್ಬರವಿಳಿತದ ಗುರುತು. ಕೆಳಗೆ ನೀರಾವಿ, ಮೇಲೆ ಓಝೋನ್ ಬಿಸಿಲು ಹೀರಿ ಗಾಳಿಯನ್ನು ದಿನಾ ಅಲುಗಿಸುತ್ತವೆ. ಮೇಲೇರಿದಂತೆ ಗಾಳಿ ತೆಳು, ಅಲೆ ದೊಡ್ಡದು. ಸುಮಾರು 100 ಕಿ.ಮೀ. ಮೇಲೆ ಅದು ಅಯಾನುಗಳನ್ನು ಕಾಂತಕ್ಷೇತ್ರಕ್ಕೆ ಅಡ್ಡವಾಗಿ ತಳ್ಳಿ ವಿದ್ಯುತ್ ಹುಟ್ಟಿಸುತ್ತದೆ. ಹಗಲಲ್ಲಿ ಆ ವಿದ್ಯುತ್ತೇ ಪ್ಲಾಸ್ಮಾವನ್ನು (ಆ ಅಯಾನು, ಎಲೆಕ್ಟ್ರಾನ್‌ಗಳ ರಾಶಿಯನ್ನು) ಕಾರಂಜಿಯಂತೆ ಎತ್ತಿ ಉತ್ತರಕ್ಕೂ ದಕ್ಷಿಣಕ್ಕೂ ಸುರಿಯುತ್ತದೆ. ಇದು ನಡೆಯುವ ಕಾಂತ ಸಮಭಾಜಕ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ) ನಮಗೆ ಹತ್ತಿರವೇ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ‘ತುಂಬಾ’ ಅನ್ನೋ ಊರನ್ನು ಆರಿಸಿದ್ದೂ ಅದಕ್ಕೇ. ಚಿಕ್ಕಮಗಳೂರಲ್ಲಿ ಕೂತು ಇದನ್ನು ಅಳೆಯೋದು ನಮ್ಮ ಪುಣ್ಯ ಅಲ್ವಾ?

ನಮ್ಮ ಕಡೆ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಎಲೆಕ್ಟ್ರಾನ್ ಜಾಸ್ತಿ. ಜನವರಿ ಮಧ್ಯದಲ್ಲಿ ಸಂಜೆ 4:40ಕ್ಕೆ ಒಂದು ಉಬ್ಬು ಕಂಡಿತು. ಆಮೇಲೆ ಮೆಲ್ಲಗೆ ಮುಂಚೆ ಸರಿಯಿತು. ಋತು ತಿರುಗುವುದನ್ನೇ ಹಿಡಿದೆ ಅಂದುಕೊಂಡೆ. ಹದಿನೈದು ದಿನಕ್ಕೆ 3:40! ದಿನಕ್ಕೆ ನಾಲ್ಕೇ ನಿಮಿಷ. ಸೂರ್ಯನ ಅಲೆ ಗಡಿಯಾರದ ಜೊತೆ ನಡೆಯುತ್ತದೆ. ಚಂದ್ರನದ್ದಾದರೆ ದಿನಾ ಸುಮಾರು 50 ನಿಮಿಷ ತಡ. 23 ಗಂಟೆ 56 ನಿಮಿಷಕ್ಕೆ ಅದೇ ಜಾಗಕ್ಕೆ ಮರಳುವುದು ಜಿಪಿಎಸ್ ಉಪಗ್ರಹ. ನಿನ್ನೆಯ ಗೆರೆಯನ್ನು 4 ನಿಮಿಷ ಸರಿಸಿ ಇವತ್ತಿನದರ ಮೇಲೆ ಇಟ್ಟೆ. ಒಂದರ ಮೇಲೊಂದು ಕೂತವು.

ಏಣಿ ಹತ್ತಿ ನೋಡಿದೆ. ಉಪಗ್ರಹ ಇಳಿಯುವ ದಿಕ್ಕಿಗೆ, ಕೆಳಗೆ, ಕಾಫಿ ಗೋಡೌನಿನ ಹೊಸ ಜಿಂಕ್ ಶೀಟು ಪಳಪಳ ಹೊಳೆಯುತ್ತಿತ್ತು. ಸಿಗ್ನಲ್ ನೇರವಾಗಿ ಬರುವುದರ ಜೊತೆ ಅದಕ್ಕೆ ಬಡಿದೂ ಬಂದು ಉಬ್ಬಾಗುತ್ತಿತ್ತು.

ಆಂಟೆನಾ ಕಂಬಕ್ಕೆ ಇನ್ನೊಂದು ಪೈಪ್ ಸೇರಿಸಿದೆ. ಕೆಳಗಿನಿಂದ ಬಡಿದು ಬರುವುದನ್ನು ತಡೆಯಲು ಆಂಟೆನಾ ಅಡಿಗೆ ಕಬ್ಬಿಣದ ಕಾವಲಿ ಇಟ್ಟೆ. "ಕಾವಲಿ ತಗೊಂಡು ಹೋದ್ಯಲ್ಲೋ, ದೋಸೆ ಯಾವುದರ ಮೇಲೆ ಹುಯ್ಯಲಿ?" ಅಂದರು ಅಮ್ಮ. ಉಬ್ಬು ಕಾಲು ಭಾಗಕ್ಕೆ ಇಳಿದಿದೆ.

ಆಂಟೆನಾ ಕೇಬಲ್ಲಿನ ಕನೆಕ್ಟರ್ ಕಥೆ ಮಾತ್ರ ಹೊಟ್ಟೆ ಉರಿಸಿತು. ಎಸ್‌ಎಂಎ ಅನ್ನೋ ನಮೂನೆ ಕೇಳಿದರೆ ಎರಡು ಸಲವೂ ಉಲ್ಟಾ ಪಿನ್ನಿನದು ಬಂತು. ವಾಪಸ್ ಕಳಿಸುವ ಕೊರಿಯರ್ ಖರ್ಚೂ ನನ್ನದೇ. ಚಿತ್ರದಲ್ಲಿ ಒಂದು, ಡಬ್ಬದಲ್ಲಿ ಒಂದು ಆದರೆ ಯಾರನ್ನು ನಂಬುವುದು?

ಅಂದ ಹಾಗೆ, ಗಾಳಿಯ ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್ ಒಂದು ಮೇಜಿನ ಮೇಲಿದೆ. ಗಾಳಿಯ ಒತ್ತಡ ಬೆಳಿಗ್ಗೆ 10, ರಾತ್ರಿ 10ರ ಸುಮಾರಿಗೆ ಏರಿ, ಎರಡೂ ಹೊತ್ತು 4ರ ಸುಮಾರಿಗೆ ಇಳಿಯುತ್ತದೆ. ಅದೇ ಉಬ್ಬರವಿಳಿತ, ನೆಲದಲ್ಲೇ! ಎರಡೂ ಗೆರೆ ಒಟ್ಟಿಗೆ ನೋಡುವ ಆಸೆ.

ಸೆಪ್ಟೆಂಬರ್ ತನಕ ಕಂಬ ಅಲುಗಿಸುವುದಿಲ್ಲ. ಮಳೆಗಾಲಕ್ಕೆ ಮುಂಚೆ ಕೇಬಲ್ ಜಾಯಿಂಟಿಗೆ ಟೇಪ್ ಸುತ್ತಬೇಕು.