ಮೊದಲು ಪುಸ್ತಕವೋ, ಮೊದಲು ಓದುಗರೋ?

ಹೊಸದಾಗಿ ಬರೆಯುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಮೊದಲು ಪುಸ್ತಕ ಬರೆದು ಮುಗಿಸಬೇಕಾ, ಇಲ್ಲ ಈಗಿನಿಂದಲೇ ಓದುಗರನ್ನು ಸೇರಿಸಬೇಕಾ?"

ಮೊದಲು ಬರೆದು ಮುಗಿಸಿ. ಆದರೆ ಪುಸ್ತಕವನ್ನೇ ಅಲ್ಲ, ಚಿಕ್ಕದೊಂದನ್ನು. ಒಂದು ಕತೆಯೋ ಪ್ರಬಂಧವೋ, ನಾಲ್ಕು ಪುಟವಾದರೂ ಸಾಕು. ಕೊನೆಗೆ ಬಂದಾಗಲೇ ಶುರು ಸರಿಯಿತ್ತಾ ಅಂತ ಗೊತ್ತಾಗುವುದು. ಅರ್ಧಕ್ಕೆ ಬಿಟ್ಟ ಕಾದಂಬರಿ ಆ ಪಾಠ ಕಲಿಸುವುದಿಲ್ಲ.

ಟೈಮ್ ಸಿಗಲ್ಲ ಅನ್ನುವವರಿಗೆ ನಾನು ಆಂಟನಿ ಟ್ರೊಲೋಪ್ ಬಗ್ಗೆ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ, ಅಂಚೆ ಇಲಾಖೆಯಲ್ಲಿ ನೌಕರಿ. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದರು. ವಾಚ್ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದರು. ಹೀಗೇ 47 ಕಾದಂಬರಿಗಳಾದವು. ಆ ವೇಗ ನಮಗೆ ಬೇಡ. ಅವರ ಇನ್ನೊಂದು ಅಭ್ಯಾಸ ನನಗೆ ಹೆಚ್ಚು ಇಷ್ಟ: ಶುರುವಿನ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದರು. ಖಾಲಿ ಹಾಳೆ ನೋಡಿ ಕೈ ಕಟ್ಟಿದಂತಾಗುವವರಿಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ನಿನ್ನೆಯ ಧಾಟಿ ಕಿವಿಗೆ ಬಿದ್ದ ಮೇಲೆ ಮುಂದಿನ ಸಾಲು ತಾನಾಗಿ ಬರುತ್ತದೆ.

ಬರೆದು ಮುಗಿಸಿದಿರಿ. ಈಗ ಅದನ್ನು ನಾಲ್ಕೈದು ಜನರಿಗೆ ಕೊಡಿ. ಕೊಟ್ಟು "ಹೇಗಿದೆ?" ಅಂತ ಮಾತ್ರ ಕೇಳಬೇಡಿ. "ಚೆನ್ನಾಗಿದೆ" ಅನ್ನುತ್ತಾರೆ, ಇಬ್ಬರಿಗೂ ಅದರಿಂದ ಉಪಯೋಗವಿಲ್ಲ. "ಎಲ್ಲಿ ಬೇಜಾರಾಯ್ತು? ಎಲ್ಲಿ ಓದೋದು ನಿಲ್ಲಿಸಿ ಮೊಬೈಲ್ ನೋಡಿದ್ರಿ?" ಅಂತ ಕೇಳಿ. ಈ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಇಬ್ಬರು ಒಂದೇ ಜಾಗ ತೋರಿಸಿದರೆ ವಾದ ಮಾಡಬೇಡಿ, ಅಲ್ಲಿ ಏನೋ ಕೆಟ್ಟಿದೆ. ಅದನ್ನು ಹೇಗೆ ಸರಿಮಾಡಬೇಕು ಅಂತ ಅವರು ಕೊಡುವ ಸಲಹೆ ತಪ್ಪಿರಬಹುದು. ಜಾಗ ಮಾತ್ರ ಸರಿಯಾಗೇ ಇರುತ್ತದೆ.

ಹೊಸಬರ ಬರಹದಲ್ಲಿ ಆ ಜಾಗ ಸಾಮಾನ್ಯವಾಗಿ ಮೊದಲ ಪುಟವೇ. ಒಂದು ಕತೆ ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ: "ಸಂಜೆಯ ಸೂರ್ಯ ಮುಳುಗುತ್ತಿದ್ದ. ಆಕಾಶವೆಲ್ಲ ಕೆಂಪಾಗಿತ್ತು. ಹಕ್ಕಿಗಳು ಗೂಡು ಸೇರುತ್ತಿದ್ದವು." ಮೂರನೇ ಪ್ಯಾರಾದಲ್ಲಿ ಈ ಸಾಲು ಬರುತ್ತದೆ: "ಅಪ್ಪ ಮನೆ ಬಿಟ್ಟು ಹೋಗಿ ವಾರವಾಗಿದ್ದರೂ ಅಮ್ಮ ದಿನಾ ಅವರ ಕನ್ನಡಕ ಒರೆಸಿಡುತ್ತಿದ್ದಳು." ಕತೆ ಶುರುವಾಗುವುದು ಇಲ್ಲಿ, ಅಲ್ವಾ? ಮೇಲಿನದೆಲ್ಲ ಬರೆಯುವವರು ಕತೆಯೊಳಗೆ ಬರಲು ತೆಗೆದುಕೊಂಡ ಸಮಯ. ಅಳಿಸಿದರೂ ಏನೂ ಕಳೆಯುವುದಿಲ್ಲ.

ಹೀಗೆ ತಿದ್ದಿದ ಬರಹವನ್ನು ಹೊರಗೆ ಬಿಡಿ. ವಾರಕ್ಕೊಮ್ಮೆ ಆಗದಿದ್ದರೆ ತಿಂಗಳಿಗೊಮ್ಮೆ, ಆದರೆ ಹೇಳಿದ ದಿನಕ್ಕೆ. ಎಲ್ಲಿ ಹಾಕಬೇಕು ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮಂಥ ಬರಹ ಓದುವವರು ಈಗಾಗಲೇ ಇರುವ ಕಡೆ ಹಾಕಿ. ಒಂದು ಎಚ್ಚರಿಕೆ ಮಾತ್ರ ಇರಲಿ. ಆರ್ಕುಟ್ ಅನ್ನುವ ಸೋಷಿಯಲ್ ಮೀಡಿಯಾ ತಾಣ 2014ರಲ್ಲಿ ಬಾಗಿಲು ಹಾಕಿತು, ಅಂಥದ್ದೇ ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಮಾತ್ರ ಓದುಗರಿದ್ದವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಅದಕ್ಕೇ ಮೊದಲ ದಿನದಿಂದ, ಇಷ್ಟವಿದ್ದವರ ಇಮೇಲ್ ವಿಳಾಸ ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ಆ ಪಟ್ಟಿ ನಿಮ್ಮದು. ಯಾವ ಕಂಪನಿ ಮುಚ್ಚಿದರೂ ಅದು ಎಲ್ಲಿಗೂ ಹೋಗುವುದಿಲ್ಲ.

ಪಟ್ಟಿ ಚಿಕ್ಕದಿದೆ ಅಂತ ಬೇಸರ ಬೇಡ. ಅಮೆರಿಕದ ಲೇಖಕ ಕೆವಿನ್ ಕೆಲ್ಲಿ 2008ರಲ್ಲೇ ಬರೆದಿದ್ದರು: ತಾವು ಏನೇ ರಚಿಸಿದರೂ ಕೊಳ್ಳುವಂಥ 1,000 ಜನ ನಿಜವಾದ ಅಭಿಮಾನಿಗಳಿದ್ದರೆ ಕಲಾವಿದರು ಅದರ ಮೇಲೇ ಬದುಕಬಹುದು ಅಂತ. ಬದುಕುವ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ಥರ. ಆದರೆ ಲೈಕ್ ಒತ್ತಿ ಮುಂದೆ ಹೋಗುವ ದೊಡ್ಡ ಗುಂಪಿಗಿಂತ ಕೊನೆಯವರೆಗೆ ಓದುವ ಇಪ್ಪತ್ತು ಜನ ನನಗೆ ದೊಡ್ಡವರು. ಮುಂದಿನ ಓದುಗರನ್ನು ಕರೆತರುವವರು ಇವರೇ. ಇವರಲ್ಲಿ ಯಾರಾದರೂ ನಾಲ್ಕು ಸಾಲು ಬರೆದು ಕಳಿಸಿದರೆ ಅವತ್ತೇ ಉತ್ತರ ಬರೆಯಿರಿ. ಯಾವ ಭಾಗ ಇಷ್ಟವಾಯಿತು ಅಂತ ಕೇಳಿ, ಮುಂದಿನದು ಯಾವಾಗ ಬರುತ್ತದೆ ಅಂತ ತಿಳಿಸಿ.