ಬರೀ ಲಾಗ್ ಅಲ್ವಾ ಅಂದಿದ್ದೆ

ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ಟರ್ಮಿನಲ್ ಮುಂದೆ ಕೂತು, "ಸರ್, ಡಿಸ್ಕ್ ತುಂಬಿದೆ, ಹಳೇ ಲಾಗ್ ಅಳಿಸಿಬಿಡ್ಲಾ?" ಅಂದ. ನನ್ನ ಕೈಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. "ಮೊದಲು ಕೀಬೋರ್ಡಿಂದ ಕೈ ತೆಗಿ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನಿಸುತ್ತೆ, ಪಕ್ಕದ ಸಾಲಿನವರೂ ಕೈ ತೆಗೆದರು. ಪಾಪ, ಅವನು ಅಳಿಸಲು ಹೊರಟಿದ್ದು ನಿಜವಾಗಿಯೂ ಲಾಗ್ ಫೈಲನ್ನೇ, ಅಂದರೆ ಪ್ರೋಗ್ರಾಮ್ ತನ್ನ ಪಾಡಿಗೆ ಬರೆದಿಡುವ ದಿನಚರಿ. ಅವನಿಗೆ ಆ ರಾತ್ರಿಯ ಕಥೆ ಹೇಳಲೇಬೇಕಾಯಿತು. ಹತ್ತು ವರ್ಷದ ಮೇಲಾಯಿತು, ಹೇಳುವಾಗ ಈಗಲೂ ಕಿವಿ ಬಿಸಿಯಾಗುತ್ತೆ.

2014ರ ಡಿಸೆಂಬರ್. ಮೈಸೂರಿನ ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಆಫೀಸು, ಹನ್ನೆರಡು ಜನ. ನಾನು ವಿಬಿ 6ರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಾ ಶುರು ಮಾಡಿದವನು. ಯಾವುದೋ ಮೀಟಿಂಗಿನಲ್ಲಿ "ನಂಗೆ ಲಿನಕ್ಸ್ ಬರುತ್ತೆ" ಅಂತ ಬಾಯಿ ಬಿಟ್ಟೆ. ಅವತ್ತಿಂದ ಸರ್ವರ್‌ಗಳೆಲ್ಲ ನನ್ನ ಕೊರಳಿಗೆ ಬಿದ್ದವು. ಆ ವರ್ಷ ಟೆಕ್ನಿಕಲ್ ಲೀಡ್ ಅಂತ ಮಾಡಿದರು. ಸಂಬಳ ಏರಲಿಲ್ಲ, ವಿಸಿಟಿಂಗ್ ಕಾರ್ಡ್ ಮಾತ್ರ ಹೊಸದು ಬಂತು.

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ವೇಬ್ರಿಡ್ಜ್ (ಗಾಡಿ ಸಮೇತ ತೂಗುವ ಯಂತ್ರ) ಸಾಫ್ಟ್‌ವೇರ್ ಕೊಟ್ಟಿದ್ದೆವು. ಕಬ್ಬಿನ ಟ್ರ್ಯಾಕ್ಟರ್ ಬರುತ್ತೆ, ಗ್ರಾಸ್ (ತುಂಬಿದ ಗಾಡಿಯ ತೂಕ) ಆಗುತ್ತೆ, ಯಾರ್ಡಿಗೆ ಹೋಗಿ ಖಾಲಿ ಮಾಡಿ ಬರುತ್ತೆ, ಟೇರ್ (ಖಾಲಿ ಗಾಡಿಯ ತೂಕ) ಆಗುತ್ತೆ, ಚೀಟಿ ಬರುತ್ತೆ. ಅಷ್ಟೇ ಕೆಲಸ. ಸೀಸನ್ನಿನಲ್ಲಿ ಮಾತ್ರ ಇಪ್ಪತ್ನಾಲ್ಕು ಗಂಟೆ. ಸರ್ವರ್ ಇದ್ದಿದ್ದು ಮೆಟ್ಟಿಲ ಕೆಳಗಿನ ಸಣ್ಣ ರೂಮಿನಲ್ಲಿ, ಉಬುಂಟು 12.04, ಪೋಸ್ಟ್‌ಗ್ರೆಸ್ 9.1 ಡೇಟಾಬೇಸ್. ಪಕ್ಕದಲ್ಲಿ ಒಂದು ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್) ಪೆಟ್ಟಿಗೆ, ಬ್ಯಾಕಪ್‌ಗೆ. ಇದನ್ನೆಲ್ಲ ನಾನೇ ಕೂರಿಸಿದ್ದು, ಹೆಮ್ಮೆಯಿಂದ.

ಇನ್ನೊಂದು ಹೆಮ್ಮೆಯ ಕೆಲಸವನ್ನೂ ಮಾಡಿದ್ದೆ. ತೂಕದ ಮನೆಯಲ್ಲಿ ಒಬ್ಬ ಯಜಮಾನರಿದ್ದರು, ಕಂಪ್ಯೂಟರ್ ಬರುವ ಮುಂಚಿನಿಂದ ಅಲ್ಲೇ ಕೆಲಸ. ಪ್ರತಿ ಗಾಡಿಯ ತೂಕವನ್ನೂ ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಸಿಸ್ಟಮ್‌ನಲ್ಲಿ ಬಂದ ಮೇಲೂ ಬರೆಯುತ್ತಿದ್ದರು. ಡಬಲ್ ಕೆಲಸ ಅಂತ ಪ್ರೆಸೆಂಟೇಷನ್‌ನಲ್ಲಿ ಒಂದು ಸ್ಲೈಡ್ ಹಾಕಿದೆ, ಅವರ ರಿಜಿಸ್ಟರಿನ ಫೋಟೋ ಸಮೇತ. ಎಲ್ಲರೂ ನಕ್ಕರು. ರಿಜಿಸ್ಟರ್ ಬಂದ್ ಮಾಡಲು ಆರ್ಡರ್ ಆಯಿತು. ಜೊತೆಗೆ ಇನ್ನೊಂದು ರೂಲ್: ಕಂಪ್ಯೂಟರಿನಲ್ಲಿ ಗ್ರಾಸ್ ಆಗದೆ ಯಾವ ಗಾಡಿಯೂ ಯಾರ್ಡಿಗೆ ಹೋಗುವಂತಿಲ್ಲ. ಆ ರೂಲ್ ಬರೆದುಕೊಟ್ಟವನೂ ನಾನೇ.

ಆ ರಾತ್ರಿ 11.20ಕ್ಕೆ ಫೋನ್ ಬಂತು. ಶಿಫ್ಟ್ ಎಂಜಿನಿಯರ್. "ಸಿಸ್ಟಮ್ ಸತ್ತೋಗಿದೆ, ಗೇಟ್ ಹೊರಗೆ ನಲವತ್ತು ಗಾಡಿ ನಿಂತಿದೆ. ಇನ್ನೊಂದೂವರೆ ಗಂಟೆಗೆ ನೋ ಕೇನ್ ಆಗುತ್ತೆ." ನೋ ಕೇನ್ ಅಂದರೆ ಅರೆಯಲು ಕಬ್ಬಿಲ್ಲದೆ ಮಿಲ್ ನಿಲ್ಲುವುದು. ನಾನು ಕುವೆಂಪುನಗರದ ಮನೆಯಲ್ಲಿ ಮಲಗುವ ಹೊತ್ತು. ಡೇಟಾ ಕಾರ್ಡ್ ಚುಚ್ಚಿ ಲಾಗಿನ್ ಆದೆ. ಡಿಸ್ಕಿನಲ್ಲಿ ಜಾಗ ಎಷ್ಟಿದೆ ಅಂತ ನೋಡಲು ಡಿಎಫ್ ಕಮಾಂಡ್ ಕೊಟ್ಟೆ. 300 ಜಿಬಿ ಪಾರ್ಟಿಷನ್, ನೂರಕ್ಕೆ ನೂರು ತುಂಬಿದೆ. ಪೋಸ್ಟ್‌ಗ್ರೆಸ್ ಪ್ಯಾನಿಕ್ ಆಗಿ ಕೂತಿದೆ. ಯಾವ ಫೋಲ್ಡರ್ ಎಷ್ಟು ತಿಂದಿದೆ ಅಂತ ನೋಡಲು ಡಿಯು ಕೊಟ್ಟೆ. ಡೇಟಾ ಇದ್ದಿದ್ದು 3 ಜಿಬಿ. ಆದರೆ ಪಿಜಿ_ಎಕ್ಸ್‌ಲಾಗ್ ಅನ್ನೋ ಒಂದು ಫೋಲ್ಡರ್ 280 ಜಿಬಿ.

ನನಗೆ ನಗು ಬಂತು. ನಿಜವಾಗಿಯೂ ನಕ್ಕೆ. 3 ಜಿಬಿ ಡೇಟಾಗೆ 280 ಜಿಬಿ ಲಾಗಾ? ಸಮಸ್ಯೆ ಸಿಕ್ಕಿತು ಅನ್ನೋ ಖುಷಿ ಬೇರೆ. ಒಳಗೆ ಹದಿನೇಳು ಸಾವಿರಕ್ಕೂ ಜಾಸ್ತಿ ಫೈಲು, ಒಂದೊಂದೂ ಸರಿಯಾಗಿ 16 ಎಂಬಿ, ಹೆಸರು ಬರೀ ಸೊನ್ನೆ, ಅಂಕಿ, ನಡುವೆ ಒಂದೆರಡು ಇಂಗ್ಲಿಷ್ ಅಕ್ಷರ. ಲಾಗ್ ಫೈಲಿಗೆ ಯಾರು ಇಂಥ ಹೆಸರಿಡುತ್ತಾರೆ ಅಂತ ಒಂದು ಕ್ಷಣ ಅನಿಸಬೇಕಿತ್ತು. ಎಲ್ಲಾ ಒಂದೇ ಅಳತೆ ಯಾಕೆ ಅಂತಲೂ ಅನಿಸಬೇಕಿತ್ತು. ಅನಿಸಲಿಲ್ಲ.

ಚಾಟ್‌ನಲ್ಲಿ ನಮ್ಮ ಟೀಮಿನ ಹುಡುಗಿ ಇದ್ದಳು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಅವತ್ತು ಸಪೋರ್ಟ್ ಪಾಳಿ ಅವಳದ್ದೇ. ಫೋಲ್ಡರ್ ಹೆಸರು ಹೇಳಿ "ಖಾಲಿ ಮಾಡ್ತಿದೀನಿ" ಅಂತ ಬರೆದೆ.

"ಸರ್ ಒಂದ್ನಿಮಿಷ, ಈ ಹೆಸರು ಎಲ್ಲೋ ಓದಿದೀನಿ. ನೋಡಿ ಹೇಳ್ತೀನಿ."

"ಬರೀ ಲಾಗ್ ಅಲ್ವಾ" ಅಂತ ಬರೆದೆ. ಫೋನಿನಲ್ಲಿ ಆ ಕಡೆ ಶಿಫ್ಟ್ ಎಂಜಿನಿಯರ್ "ಆಯ್ತಾ? ಆಯ್ತಾ?" ಅಂತಿದ್ದರು. ಅವಳ ಹೆಸರಿನ ಕೆಳಗೆ ಟೈಪಿಂಗ್ ಅಂತ ಮೂರು ಚುಕ್ಕಿ ಕುಣಿಯುತ್ತಿತ್ತು. ನಾನು ರೂಟ್ ಆಗಿದ್ದೆ, ಏನು ಮಾಡಿದರೂ ಸಿಸ್ಟಮ್ ತಡೆಯದ ಲಾಗಿನ್ ಅದು. ಆರ್‌ಎಂ ಮೈನಸ್ ಆರ್‌ಎಫ್, ನಕ್ಷತ್ರ, ಅಂದರೆ ಒಳಗಿರುವುದನ್ನೆಲ್ಲ ಅಳಿಸು. ಎಂಟರ್. ಆಗ 11.49. ಆ ಚಾಟ್ ಇನ್ನೂ ನನ್ನ ಹತ್ತಿರ ಇದೆ, ಅದಕ್ಕೇ ಇಷ್ಟು ಸರಿಯಾಗಿ ಹೇಳುತ್ತಿದ್ದೇನೆ. ಅವಳ ಮೆಸೇಜ್ ಬಂದಿದ್ದು 11.52ಕ್ಕೆ. "ಸರ್ ಅದು ಲಾಗ್ ಅಲ್ಲ. ಮುಟ್ಬೇಡಿ."

ಮೂರು ನಿಮಿಷ. ನಲವತ್ತು ಗಾಡಿ ಆಗಲೇ ಕಾಯುತ್ತಿದ್ದವು, ಇನ್ನು ಮೂರು ನಿಮಿಷ ಕಾದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಅದು ರೈಟ್ ಅಹೆಡ್ ಲಾಗ್. ಡೇಟಾಬೇಸ್ ಏನು ಮಾಡಿದರೂ ಮೊದಲು ಅಲ್ಲಿ ಬರೆದು ಆಮೇಲೆ ನಿಧಾನವಾಗಿ ಟೇಬಲ್‌ಗಳಿಗೆ ಹಾಕುತ್ತೆ. ಕರೆಂಟ್ ಹೋಗಿ ಬಿದ್ದರೂ ಅದನ್ನು ಓದಿಯೇ ಎದ್ದು ನಿಲ್ಲುತ್ತೆ. ಈಗ ಜಾಗ ಬೇಕಾದಷ್ಟಿತ್ತು. ಸ್ಟಾರ್ಟ್ ಕೊಟ್ಟರೆ ಏಳಲಿಲ್ಲ. ಸರಿಯಾದ ಚೆಕ್‌ಪಾಯಿಂಟ್ ರೆಕಾರ್ಡ್ (ಎಲ್ಲಿಂದ ಓದಲು ಶುರು ಮಾಡಬೇಕು ಅನ್ನೋ ಗುರುತು) ಸಿಗುತ್ತಿಲ್ಲ ಅಂತ ಒಂದೇ ಸಾಲು. ಎಲ್ಲಿಂದ ಸಿಗಬೇಕು?

ಬ್ಯಾಕಪ್ ಇದೆಯಲ್ಲ ಅಂತ ನ್ಯಾಸ್ ಕಡೆ ಹೋದೆ. ಮೌಂಟ್ ಆಗಿಯೇ ಇಲ್ಲ, ಅಂದರೆ ಸರ್ವರ್‌ಗೆ ಅದು ಕಾಣುತ್ತಲೇ ಇಲ್ಲ. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಬೈಕ್ ತೆಗೆದೆ.

ಮೈಸೂರಿಂದ ಮಂಡ್ಯಕ್ಕೆ ನಲವತ್ತೈದು ಕಿಲೋಮೀಟರ್. ಆಗ ಎಕ್ಸ್‌ಪ್ರೆಸ್‌ವೇ ಎಲ್ಲಿತ್ತು, ಹಳೇ ರಸ್ತೆ. ಶ್ರೀರಂಗಪಟ್ಟಣದ ಸೇತುವೆ ದಾಟಿದ ಮೇಲೆ ಗದ್ದೆ ಬಯಲಿನ ಮಂಜು. ಹೆಲ್ಮೆಟ್ ಒಳಗೆ ಕೂತು ನಾಳೆ ಹೇಳಬೇಕಾದ ಸುಳ್ಳುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದೆ. ಡಿಸ್ಕ್ ಕೆಟ್ಟಿತ್ತು ಅನ್ನಬಹುದು. ಕರೆಂಟ್ ಏರುಪೇರು ಅನ್ನಬಹುದು. ಕಾರ್ಖಾನೆ ಹತ್ತಿರ ಬಂದ ಹಾಗೆ ರಸ್ತೆ ಬದಿಯಲ್ಲಿ ಟ್ರ್ಯಾಕ್ಟರ್ ಸಾಲು ಶುರುವಾಯಿತು. ಎರಡೆರಡು ಟ್ರೈಲರ್, ಡ್ರೈವರ್‌ಗಳು ಅಲ್ಲಲ್ಲೇ ಬೆಂಕಿ ಹಾಕಿಕೊಂಡು ಕೂತಿದ್ದರು. ಎಣಿಸುತ್ತಾ ಹೋದವನು ಅರವತ್ತಕ್ಕೆ ನಿಲ್ಲಿಸಿದೆ.

ಗೇಟಿನಲ್ಲಿ ಒಬ್ಬರು ನನ್ನ ಬ್ಯಾಗ್ ನೋಡಿಯೇ ಕಂಡುಹಿಡಿದರು. "ಕಂಪೂಟ್ರವ್ರಾ ಸಾ? ಕಬ್ಬು ಕಡ್ದು ಎಲ್ಡ್ ದಿನ ಆಯ್ತು. ನಿಮ್ ಕಂಪೂಟ್ರು ಏಳೋ ಹೊತ್ಗೆ ಸೌದೆ ಆಯ್ತದೆ."

ಅವರು ಹೇಳಿದ್ದು ಲೆಕ್ಕದ ಮಾತು. ಕಡಿದ ಕಬ್ಬು ಒಣಗುತ್ತಾ ತೂಕ ಇಳಿಯುತ್ತೆ, ಸಕ್ಕರೆಯೂ ಇಳಿಯುತ್ತೆ. ನನ್ನ ಡೌನ್‌ಟೈಮ್ ಅವರ ಜೇಬಿನಿಂದ ಹೋಗುತ್ತಿತ್ತು. ನಾನು ಅಪ್‌ಟೈಮ್ ಅಂತ ಎಕ್ಸೆಲ್ ಶೀಟಿನಲ್ಲಿ ಪರ್ಸೆಂಟೇಜ್ ಬರೆಯುತ್ತಿದ್ದ ಕಾಲಕ್ಕೂ ಹೋಗುತ್ತಿತ್ತು ಅಂತ ಕಾಣುತ್ತೆ, ಯಾರೂ ಹೇಳಿರಲಿಲ್ಲ.

ಮೆಟ್ಟಿಲ ಕೆಳಗೆ ಹೋಗಿ ನೋಡಿದರೆ ನ್ಯಾಸ್ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆ ಮೇಲೆ ಒಣಗಿದ ಚೆಂಡು ಹೂವು, ಕುಂಕುಮ. ಆಯುಧ ಪೂಜೆ! ಸರ್ವರ್ ಆಫ್ ಮಾಡಿ, ಒರೆಸಿ, ಪೂಜೆ ಮಾಡಿ, ಮತ್ತೆ ಆನ್ ಮಾಡಿದ್ದಾರೆ. ನ್ಯಾಸ್ ಪ್ಲಗ್ ಹಾಕುವುದು ಮರೆತಿದ್ದಾರೆ. ಪ್ರತಿ 16 ಎಂಬಿ ಫೈಲನ್ನೂ ನ್ಯಾಸ್‌ಗೆ ಕಾಪಿ ಮಾಡು ಅಂತ ನಾನೇ ಆರ್ಕೈವ್ ಕಮಾಂಡ್ ಬರೆದಿದ್ದೆ. ಕಾಪಿ ಆಗುವ ತನಕ ಪೋಸ್ಟ್‌ಗ್ರೆಸ್ ಅದನ್ನು ಬಿಸಾಡುವುದಿಲ್ಲ, ನಿಯತ್ತಿನ ಪ್ರಾಣಿ. ಐದು ನಿಮಿಷಕ್ಕೊಂದು ಫೈಲು ಅಂದರೆ ದಿನಕ್ಕೆ 288, ಹತ್ತಿರ ಹತ್ತಿರ ನಾಲ್ಕೂವರೆ ಜಿಬಿ. ದಸರಾದಿಂದ ಎಣಿಸಿ ನೋಡಿ, ಲೆಕ್ಕ ಸರಿಹೋಗುತ್ತೆ. ರಾತ್ರಿಯ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ಕೂಡ ಅದೇ ನ್ಯಾಸ್‌ಗೆ. ಹಾಗಾಗಿ ನನ್ನ ಹತ್ತಿರ ಇದ್ದ ಕೊನೆಯ ಬ್ಯಾಕಪ್ ಎರಡು ತಿಂಗಳು ಹಳೆಯದು.

ಸರ್ವರ್ ಸುಮ್ನೆ ಕೂತಿರಲಿಲ್ಲ. ಆರ್ಕೈವ್ ಫೇಲ್ ಆಯಿತು ಅಂತ ಬರೆಯುತ್ತಲೇ ಇತ್ತು, ದಿನಾ ಮೇಲ್ ಕಳಿಸುತ್ತಿತ್ತು. ಆ ಮೇಲ್‌ಗಳು ಜಾಸ್ತಿಯಾದವು ಅಂತ ನಾನು ಒಂದು ಫಿಲ್ಟರ್ ಹಾಕಿ "ಆಮೇಲೆ" ಅನ್ನೋ ಫೋಲ್ಡರಿಗೆ ಕಳಿಸಿದ್ದೆ. ಪ್ಲಗ್ ಕಿತ್ತವರ ಮೇಲೆ ಕೂಗಾಡಲು ಬಾಯಿ ತೆರೆದವನು ಅದು ನೆನಪಾಗಿ ಮುಚ್ಚಿದೆ.

ರಾತ್ರಿ ಒಂದೂವರೆಗೆ ಶಿಫ್ಟ್ ಎಂಜಿನಿಯರಿಗೆ ಹೇಳಿದೆ, ಸಿಸ್ಟಮ್ ಬೆಳಿಗ್ಗೆಗೆ ಮುಂಚೆ ಏಳಲ್ಲ ಅಂತ. ಅವರು ಬೈಯಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. ಆಗ ಯಜಮಾನರು ತೂಕದ ಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ತೂಕದ ಮಿಷನ್ ಸರ್ಯಾಗೇ ತೋರಿಸ್ತಾ ಅದೆ ಸಾ. ಬರ್ಕೊಂಡು ಬುಟ್ರೆ ಏನಾಯ್ತದೆ?"

ಏನೂ ಆಗಲ್ಲ. ತೂಕ ತೋರಿಸುವ ಇಂಡಿಕೇಟರಿಗೆ ಸರ್ವರ್ ಬೇಕಾಗಿರಲಿಲ್ಲ. ಎರಡು ಗಂಟೆ ಹೊತ್ತು ಅರವತ್ತು ಗಾಡಿ ನಿಂತಿದ್ದು ಡಿಸ್ಕ್ ತುಂಬಿದ್ದಕ್ಕಲ್ಲ, ನಾನು ಬರೆದುಕೊಟ್ಟ ಆ ಒಂದು ರೂಲಿಗೆ. ಶಿಫ್ಟ್ ಎಂಜಿನಿಯರ್ ನನ್ನ ಮುಖ ನೋಡಿದರು. "ಬಿಡಿ ಸರ್, ರೂಲ್ ತೆಗೀರಿ" ಅಂದೆ. ಹತ್ತು ನಿಮಿಷದಲ್ಲಿ ಮೊದಲ ಟ್ರ್ಯಾಕ್ಟರ್ ಒಳಗೆ ಬಂತು. ಅಷ್ಟರಲ್ಲಿ ಮಿಲ್ ಅರ್ಧ ಗಂಟೆ ನೋ ಕೇನ್ ಆಗಿತ್ತು.

ಆಮೇಲೆ ಬೆಳಗಿನವರೆಗೂ ಪಿಜಿ_ರೀಸೆಟ್‌ಎಕ್ಸ್‌ಲಾಗ್. ಅದು ಡೇಟಾಬೇಸನ್ನು ಬಲವಂತವಾಗಿ ಎಬ್ಬಿಸುತ್ತೆ, ಆದರೆ ಎದ್ದವರಿಗೆ ನೆನಪು ಪೂರ್ತಿ ಇರುತ್ತೆ ಅಂತ ಗ್ಯಾರಂಟಿ ಇಲ್ಲ. ಕೆಲವು ಗಾಡಿಗೆ ಗ್ರಾಸ್ ಇದೆ, ಟೇರ್ ಇಲ್ಲ. ಒಂದೇ ಚೀಟಿ ನಂಬರ್ ಎರಡು ಸಲ. ಇಂಡೆಕ್ಸ್ ಒಂದು ಹೇಳಿದರೆ ಟೇಬಲ್ ಇನ್ನೊಂದು ಹೇಳುತ್ತಿತ್ತು. ಆ ದಿನದ ಯಾವ ಸಾಲನ್ನು ನಂಬಬೇಕು, ಯಾವುದನ್ನು ಬಿಡಬೇಕು ಗೊತ್ತಾಗಲಿಲ್ಲ. ಈ ತೂಕದ ಮೇಲೆಯೇ ರೈತರಿಗೆ ದುಡ್ಡು ಹೋಗಬೇಕು, ಕಾನೂನಿನ ಪ್ರಕಾರ ಹದಿನಾಲ್ಕು ದಿನದೊಳಗೆ.

ಏಳು ಗಂಟೆಗೆ ಯಜಮಾನರು ಟೀ ತಂದುಕೊಟ್ಟರು. ಕಂಕುಳಲ್ಲಿ ಒಂದು ರಿಜಿಸ್ಟರ್. ರಾತ್ರಿ ಬರೆದಿದ್ದು ಅಂದುಕೊಂಡೆ. ತೆರೆದರೆ ಹಿಂದಿನ ದಿನದ್ದೂ ಇದೆ, ಹಿಂದಿನ ವಾರದ್ದೂ ಇದೆ, ಸೀಸನ್ ಶುರುವಾದಾಗಿನಿಂದ ಇದೆ. ಗಾಡಿ ನಂಬರ್, ಗ್ರಾಸ್, ಟೇರ್, ಗಂಟೆ. ದುಂಡಗಿನ ಅಕ್ಷರ.

"ಬರೀಬ್ಯಾಡಿ ಅಂದ್ರಿ ಸಾ," ಅಂದರು, "ಕೈ ಕೇಳ್ನಿಲ್ಲ."

ನಾನು ನಗಾಡಿದ್ದ ರಿಜಿಸ್ಟರ್ ಅದು. ಸ್ಲೈಡಿನಲ್ಲಿದ್ದ ರಿಜಿಸ್ಟರ್. ಅವರು ಆ ಮೀಟಿಂಗಿನಲ್ಲಿ ಹಿಂದೆ ಬಾಗಿಲ ಹತ್ತಿರ ನಿಂತಿದ್ದರು, ನೆನಪಿದೆ. ಅವತ್ತು ಅವರೇನೂ ಅನ್ನಲಿಲ್ಲ, ಈಗಲೂ ಅನ್ನಲಿಲ್ಲ. ನಾನು ಟೀ ಕುಡಿದೆ.

ಎರಡು ದಿನ ಆ ಹುಡುಗಿ ಓದುವುದು, ನಾನು ಟೈಪ್ ಮಾಡುವುದು. ಮೂರು ಚೀಟಿ ಹೊಂದಲಿಲ್ಲ. ಒಟ್ಟು ವ್ಯತ್ಯಾಸ 1.2 ಟನ್. ರೈತರ ಪರವಾಗಿಯೇ ಇರಲಿ ಅಂತ ಯಜಮಾನರು ಹಟ ಹಿಡಿದರು. ಆ ವರ್ಷದ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಬೆಲೆ) ಟನ್ನಿಗೆ 2,200 ರೂಪಾಯಿ, ಅಂದರೆ 2,640 ರೂಪಾಯಿ. ಇದನ್ನು ಯಾರು ಕೊಡಬೇಕು ಅಂತ ನಮ್ಮ ಮ್ಯಾನೇಜ್‌ಮೆಂಟ್ ಮೂರು ಮೀಟಿಂಗ್ ಮಾಡಿತು. ಆ ಮೀಟಿಂಗ್‌ಗಳ ಬೋಂಡ, ಕಾಫಿ ಖರ್ಚೇ ಅದರ ಅರ್ಧದಷ್ಟು ಆಗಿರಬೇಕು.

ಆರ್‌ಸಿಎ (ಮೂಲ ಕಾರಣ ಹುಡುಕಿ ಬರೆಯುವ ವರದಿ) ಬರೆಯಬೇಕಾಯಿತು, ಟೆಂಪ್ಲೇಟ್ ಹದಿನಾಲ್ಕು ಪುಟ. ಬೈಕಿನ ಮೇಲೆ ಜೋಡಿಸಿದ್ದ ಸುಳ್ಳುಗಳಲ್ಲಿ ಒಂದನ್ನೂ ಬಳಸಲಿಲ್ಲ. ಒಳ್ಳೆಯವನು ಅಂತಲ್ಲ, ಚಾಟ್‌ನಲ್ಲಿ ಟೈಮ್ ಸಮೇತ ಎಲ್ಲಾ ಇತ್ತು. ನಾನು ಬರೆದ ಮೂರು ಪುಟವನ್ನು ಮ್ಯಾನೇಜರ್ ಕತ್ತರಿಸಿ, ರೂಟ್ ಕಾಸ್ ಅನ್ನೋ ಜಾಗದಲ್ಲಿ "ಪವರ್ ಪ್ಲಗ್ ಡಿಸ್ಕನೆಕ್ಟೆಡ್" ಅಂತ ಹಾಕಿದರು. ಪರಿಹಾರ ಅಂತ ಒಂದು ಮಾನಿಟರಿಂಗ್ ಟೂಲ್ ಖರೀದಿಸಿದರು, ಆಫೀಸಿನ ಗೋಡೆಗೆ ಒಂದು ಟಿವಿ. ಒಂದು ತಿಂಗಳು ಹಸಿರು ಗ್ರಾಫ್ ಓಡಿತು. ವರ್ಲ್ಡ್ ಕಪ್ ಶುರುವಾದ ಮೇಲೆ ಅದರಲ್ಲಿ ಕ್ರಿಕೆಟ್ ಬರುತ್ತಿತ್ತು. ನಾನು ಕೇಳಿದ್ದು ಬೇರೆ ಜಾಗದಲ್ಲಿ ಇಡಲು ಎರಡನೇ ನ್ಯಾಸ್. ಅದು ಅಪ್ರೂವಲ್‌ಗೆ ಹೋಗಿ, ನಾನು ಕೆಲಸ ಬಿಡುವ ತನಕ ಅಲ್ಲೇ ಇತ್ತು.

ಜಾಗ ಬೇಕಿದ್ದರೆ ಏನು ಮಾಡಬಹುದಿತ್ತು ಅನ್ನೋದೂ ಆಮೇಲೆ ತಿಳಿಯಿತು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ರೂಟ್‌ಗೆ ಅಂತ ಐದು ಪರ್ಸೆಂಟ್ ಜಾಗ ಎತ್ತಿಟ್ಟಿರುತ್ತೆ. 300 ಜಿಬಿಯಲ್ಲಿ 15 ಜಿಬಿ. ಟ್ಯೂನ್2ಎಫ್‌ಎಸ್ ಅಂತ ಒಂದೇ ಸಾಲು ಹೊಡೆದು ಅದನ್ನು ಒಂದು ಪರ್ಸೆಂಟಿಗೆ ಇಳಿಸಿದ್ದರೆ 12 ಜಿಬಿ ಸಿಗುತ್ತಿತ್ತು. ಡೇಟಾಬೇಸ್ ಏಳುತ್ತಿತ್ತು, ಪ್ಲಗ್ ಹಾಕಿಸಿ ಮಲಗುತ್ತಿದ್ದೆ. ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ, ಗೊತ್ತಿದ್ದವಳಿಗೆ ಟೈಪ್ ಮಾಡಲು ಬಿಡಲಿಲ್ಲ.

2017ರಲ್ಲಿ ಪೋಸ್ಟ್‌ಗ್ರೆಸ್ 10 ಬಂತು. ಆ ಫೋಲ್ಡರಿನ ಹೆಸರನ್ನು ಪಿಜಿ_ವಾಲ್ ಅಂತ ಬದಲಾಯಿಸಿದ್ದರು, ವಾಲ್ ಅಂದರೆ ರೈಟ್ ಅಹೆಡ್ ಲಾಗ್‌ನ ಇಂಗ್ಲಿಷ್ ಮೊದಲಕ್ಷರಗಳು. ಕಾರಣ ಏನಂದರೆ, ಹೆಸರಿನಲ್ಲಿ ಲಾಗ್ ಅಂತ ಇದ್ದಿದ್ದಕ್ಕೆ ಜನ ಜಾಗ ಮಾಡಲು ಅದನ್ನು ಅಳಿಸಿಬಿಡುತ್ತಿದ್ದರು. ಓದಿ ಜೋರಾಗಿ ನಕ್ಕೆ. ಪ್ರಪಂಚದಲ್ಲಿ ನನ್ನಂಥವರು ಒಂದು ಫೋಲ್ಡರಿನ ಹೆಸರು ಬದಲಾಯಿಸುವಷ್ಟು ಜನ ಇದ್ದೇವೆ.

ಆ ಹುಡುಗಿ ಈಗ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ, ಅವಳ ಕೈಕೆಳಗೆ ನಮ್ಮ ಇಡೀ ಹಳೇ ಆಫೀಸಿಗಿಂತ ಜಾಸ್ತಿ ಜನ. ಪ್ರತಿ ವರ್ಷ ಆಯುಧ ಪೂಜೆ ಸಂಜೆ ಅವಳಿಂದ ಒಂದು ಮೆಸೇಜ್ ಬರುತ್ತೆ. "ಸರ್, ಪ್ಲಗ್ ಹಾಕಿದ್ರಾ?" ನಾನು ಫೋಟೋ ತೆಗೆದು ಕಳಿಸುತ್ತೇನೆ.